ನಾಲ್ಕು ಸಾವಿರದ ಮುನ್ನೂರು

ಹೋದ ಅಕ್ಟೋಬರಿನಲ್ಲಿ ಮೂಸ್ ಬಂದದ್ದು ಎಡಗಡೆಯಿಂದ.
ಬಂದದ್ದು ಅಂದರೆ, ಇತ್ತು.
ರಸ್ತೆಯೇ ಎದ್ದು ನಿಂತ ಹಾಗೆ, ಕಪ್ಪಗೆ.
ಬಂಪರು, ಬಾನೆಟ್ಟು, ಎಡಗಡೆಯ ದೀಪ ಹೋದವು;
ಅದು ಮಾತ್ರ ಕುಂಟುತ್ತ ಸ್ಪ್ರೂಸ್ ಮರಗಳೊಳಗೆ ನಡೆಯಿತು,
ತಿರುಗಿಯೂ ನೋಡದೆ.

"ಏನೋ ಇತ್ತು, ಏನೂಂತ ಕಾಣಲಿಲ್ಲ," ಎಂದೆ ಫೋನಿನಲ್ಲಿ.
"ಕಣ್ಣು ಹೊಳೆಯಲಿಲ್ಲವೇ?" ಎಂದಳು ವಿಮೆಯವಳು,
ಸೇಂಟ್ ಜಾನ್ಸಿನ ಯಾವುದೋ ಮೂರನೇ ಮಹಡಿಯಿಂದ.
ಹೊಳೆಯುತ್ತದಮ್ಮಾ, ಬೆಳಕು ಅಷ್ಟೆತ್ತರ ಹೋದರೆ.

ಹದಿನೇಳು ವರ್ಷದ ಫೋರ್ಡು.
ದೀಪದ ಗಾಜು ಸಿಗರೇಟು ಸೇದುವವರ ಹಲ್ಲಿನ ಹಳದಿ.
ಸೀಗಡಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ಐವತ್ತೆರಡು ಕಿಲೋಮೀಟರು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಷ್ಟು ದಿನ ಓಡಿಸಲಿ?

ಅಕ್ಕನ ಮಗ ಡ್ವೇನ್ ಎಂಟು ಸಾವಿರ ಕೆಲ್ವಿನ್ ತೋರಿಸಿದ:
"ನೀಲಿ, ಚಿಕ್ಕಮ್ಮ, ಹಿಮಗಡ್ಡೆಯ ಹೊಟ್ಟೆಯ ಹಾಗೆ."
ನೋಡಿಸಿಕೊಳ್ಳುವುದಕ್ಕೆ ಸರಿ, ನೋಡುವುದಕ್ಕಲ್ಲ.
ನಮ್ಮ ಕಡಲ ಮಂಜಿನಲ್ಲಿ ಆ ಬೆಳಕು
ಹಾಲಿಗೆ ಹಾಲು ಸುರಿದ ಹಾಗೆ.
ನಾಲ್ಕು ಸಾವಿರದ ಮುನ್ನೂರು ಸಾಕೆಂದೆ:
ಒಗೆದ ಹಾಸಿಗೆ ಬಟ್ಟೆ ಒಣಗುವ
ಮಧ್ಯಾಹ್ನ ಮೂರರ ಬಿಳುಪು.
ಡ್ವೇನ್ ಮುಖ ಸಣ್ಣಗೆ ಮಾಡಿಕೊಂಡು ಹೋದ.

ಭಾನುವಾರ, ಭಾವ ಫಾನ್ಸನ ಶೆಡ್ಡು.
ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆವು.
ದೀಪದ ಹಿಂಬದಿಯ ಮುಚ್ಚಳಕ್ಕೆ ತೂತು ಕೊರೆದು
ರಬ್ಬರಿನ ಉಂಗುರ ತುರುಕಿದೆವು.
ಸೋಪಿನಷ್ಟು ದೊಡ್ಡ ಲೋಹದ ಡಬ್ಬಿ, ಬ್ಯಾಲಾಸ್ಟ್;
"ದೋಣಿಯ ತಳಕ್ಕೆ ಹಾಕುವ ಕಲ್ಲಿಗೂ ಇದೇ ಹೆಸರು,"
ಎಂದ ಫಾನ್ಸ್, ಕಾಡ್ ಮೀನು ನಿಂತ ವರ್ಷ ದೋಣಿ ಮಾರಿದವನು.
ಸ್ಕ್ರೂ ತಿರುಗಿಸುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಬಲ್ಬು ಕೊಡುವಾಗ ಮಾತ್ರ ಗದರಿದ: "ಗಾಜು ಮುಟ್ಟಬೇಡ!
ಬೆರಳಿನ ಜಿಡ್ಡು ತಾಗಿದ ಕಡೆಯೇ ಕಾದು ಸಿಡಿಯುತ್ತೆ."
ನನ್ನ ಬೆರಳು!
ಇಪ್ಪತ್ತೆರಡು ವರ್ಷದ ಸೀಗಡಿ ಅದರಲ್ಲಿ,
ನಿಂಬೆಗೂ ಬ್ಲೀಚಿಗೂ ಜಗ್ಗದ್ದು.
ಕಾರ್ಖಾನೆಯ ನೀಲಿ ಕೈಗವಸು ತೊಟ್ಟು
ಕೂಸಿನ ಕಿವಿ ಒರೆಸುವಷ್ಟು ಮೆಲ್ಲಗೆ ಕೂರಿಸಿದೆ.
ನನ್ನ ಕಣ್ಣಿಗೆ ಎಣ್ಣೆಯೇ ಗತಿ,
ಇದರ ಕಣ್ಣಿಗೆ ಎಣ್ಣೆ ಸೋಕಬಾರದು.

ಹೊತ್ತಿಸಿದೆ. ಟಕ್ಕೆಂದು ನೇರಳೆ, ಒಂದು ನಡುಕ,
ಆಮೇಲೆ ನಿದ್ದೆಯಿಂದ ಏಳುವವರ ಹಾಗೆ
ಹತ್ತು ಸೆಕೆಂಡು ತಗೊಂಡು ಬೆಳ್ಳಗಾಯಿತು.
ಗೋಡೆಗೆ ತೂಗಿದ ಹಳೆ ಬಲೆಯ ಗಂಟು ಗಂಟೂ ಕಂಡವು.
ಫಾನ್ಸ್ ಹೊರಗೆ ಹೋಗಿ ಮೂಗು ಸೀಟಿ ಬಂದ.

ಟ್ರಕ್ಕನ್ನು ಇಪ್ಪತ್ತೈದು ಅಡಿ ಹಿಂದೆ ನಿಲ್ಲಿಸಿ, ಗೋಡೆಗೆ ಟೇಪು ಅಂಟಿಸಿ,
"ಎರಡಿಂಚು ತಗ್ಗಿಸು," ಎಂದ.
ಇರಲಿ, ಮೂಸಿನ ಕಣ್ಣಿಗೆ ಮುಟ್ಟಲಿ, ಎಂದೆ ನಾನು.
ವಾದಿಸಲಿಲ್ಲ. ಸ್ಕ್ರೂಡ್ರೈವರನ್ನು
ಸೀಟಿನ ಮೇಲಿಟ್ಟು ಬಾಗಿಲು ಹಾಕಿದ.

ಬುಧವಾರ ಬೆಳಗಿನ ಜಾವ ಎದುರಿಗೆ ಬ್ರೆಡ್ಡಿನ ವ್ಯಾನು.
ಒಮ್ಮೆ ಮಿನುಗಿಸಿತು, ಇನ್ನೊಮ್ಮೆ,
ಮತ್ತೆ ಬಿಳಿ ಗೆರೆ ದಾಟಿ, ಜಲ್ಲಿಗಿಳಿದು, ವಾಲಿ ನಿಂತಿತು.
ಓಡಿ ಹೋದೆ. ಹುಡುಗ, ಮೀಸೆ ಈಗಷ್ಟೇ ಚಿಗುರಿದವನು,
ಕಣ್ಣಿಗೆ ಕೈ ಅಡ್ಡ ಹಿಡಿದೇ ಕೂತಿದ್ದ.
"ಏನೋ ಬಂತು," ಎಂದ, "ಏನೂಂತ ಕಾಣಲಿಲ್ಲ."

ನನ್ನದೇ ಮಾತು.
ಅಲ್ಲೇ, ಗಾಳಿಯಲ್ಲಿ, ಮಂಡಿಯೂರಿ
ಎಡಕ್ಕೆ ಆರು ಸುತ್ತು, ಬಲಕ್ಕೆ ಆರು.
ಅವನು ಟಾರ್ಚು ಹಿಡಿದ.
"ಇನ್ನೂ ಒಂದು," ಎಂದ. ಇನ್ನೂ ಒಂದು.
ಹೋಗುವಾಗ ಜಜ್ಜಿದ ಬ್ರೆಡ್ಡೊಂದನ್ನು ಕೊಟ್ಟ,
ಮಾರಲಾಗದ್ದಂತೆ.

ಬ್ರೆಡ್ಡು ಪಕ್ಕದ ಸೀಟಿನಲ್ಲಿ ಇನ್ನೂ ಬೆಚ್ಚಗಿತ್ತು,
ಮುಂದಿನ ತಿರುವಿನಲ್ಲಿ ಅವು ಕಂಡಾಗ:
ನಾಲ್ಕು ಕಾಲು.
ತೊಗಟೆ ಸುಲಿದ ಬರ್ಚಿನ ಹಾಗೆ, ಬೂದಿಬಿಳುಪು,
ಅವುಗಳ ಮೇಲೆ ಏನೂ ಇಲ್ಲ.
ನಿಲ್ಲಿಸಿದೆ. ಮುಖ ಮೇಲೆಲ್ಲೋ ಕತ್ತಲಲ್ಲಿ,
ನನ್ನನ್ನೋ ಬ್ರೆಡ್ಡನ್ನೋ ಮೂಸುತ್ತಿತ್ತು, ಕೇಳಿಸಿತು.
ಆಮೇಲೆ ಕಾಲುಗಳು ಒಂದೊಂದಾಗಿ
ಬೆಳಕಿನಿಂದ ಆಚೆಗೆ.
ಹಿಂದಿನದೊಂದು ಊರುವುದರಲ್ಲಿ ಕೊಂಚ ತಡವಿತ್ತು.
ಅದೇ ಇರಬಹುದು. ಅಲ್ಲದೆಯೂ ಇರಬಹುದು.