ನಡುಮನೆ

ಅಕ್ಕಲಕೋಟೆಯ ಹಳೇ ಪೇಟೆಯ ಒಂದು ಓಣಿ.
ಐದು ಮನೆಗಳಿಗೆ ಒಂದೇ ಕಟ್ಟೆ, ಒಂದೇ ಮಾಳಿಗೆ.
ಮೊದಲ ಮನೆಯ ಬೆಕ್ಕು ನೆಲ ಮುಟ್ಟದೆ
ಐದನೆಯ ಮನೆಯ ಹಾಲಿಗೆ ಹೋಗಿ ಬರುತ್ತದೆ.

ಮೋಜಣಿಗೆ ಬಂದವನು ನಾನು.
ಕೈಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು,
ಚೀಲದೊಳಗೆ ಮರಾಠಿಯಲ್ಲಿ ಅಚ್ಚಾದ ನಮೂನೆ.
ಸೋಲಾಪುರದ ಯಾರಿಗೋ ಮೂರನೆಯ ಮನೆಯೊಂದೇ ಬೇಕಂತೆ,
ಕೆಡವಿ ಮೂರಂತಸ್ತು ಎಬ್ಬಿಸುವುದಕ್ಕೆ.

ಸದ್ಯಕ್ಕೆ ಅಲ್ಲಿರುವುದು ದಾರದ ಅಂಗಡಿ.
ಉಡದಾರ, ಶಿವದಾರ, ಬಾಸಿಂಗದ ಗೊಂಡೆ,
ಹಿಂದೆ ಕತ್ತಲಲ್ಲಿ ತೊಟ್ಟಿಲ ಹಗ್ಗದ ಸುರುಳಿ.
ಅಂಬೂಬಾಯಿ ಪಟವೇಗಾರ ಕಾಲ ಹೆಬ್ಬೆರಳಿಗೆ
ಕೆಂಪು ಎಳೆ ಸಿಕ್ಕಿಸಿಕೊಂಡು ಹೊಸೆಯುತ್ತಿದ್ದರು.
ಎದ್ದರೆ ಹುರಿ ಬಿಚ್ಚಿಕೊಳ್ಳುತ್ತದೆ.
‘ಅಳೀರಿ,’ ಅಂದರು, ‘ನಾ ಏನ್ ಅಡ್ಡ ಬರೂದಿಲ್ಲ.’

ಅಂಗಡಿಗೆ ಬಾಗಿಲಿಲ್ಲ, ಹಲಗೆಗಳು. ಒಂಬತ್ತು.
ಹೊಸ್ತಿಲ ತೋಡಿನಲ್ಲಿ ಒಂದರ ಹಿಂದೊಂದು ಸರಿಯಬೇಕು.
ಪ್ರತಿಯೊಂದರ ನೆತ್ತಿಯಲ್ಲೂ ಉಳಿಯಿಂದ ಕೊರೆದ ಅಂಕಿ.
ಫಲಕ ಮರಾಠಿ, ರಸೀದಿ ಮರಾಠಿ,
ಹಲಗೆ ಮಾತ್ರ ಕನ್ನಡದಲ್ಲಿ ಎಣಿಸುತ್ತದೆ:
೪, ೫, ೬,
ಆಮೇಲೆ ಚಹಾಪೆಟ್ಟಿಗೆಯದೊಂದು ತೆಳು ತುಂಡು,
ಆಮೇಲೆ ೮.

‘ಏಳು ಎಲ್ಲಿ?’
‘ಶ್ಯಾವಿಗಿ ಹೊಸಿಯಾಕ ಅಂತ ಎರಡನೇ ಮನ್ಯಾವ್ರು ಒಯ್ದ್ರು.
ನಮ್ಮತ್ತಿ ಇದ್ದಾಗಿನ ಮಾತು. ಬರ್ತೈತಿ.’

ಗೋಡೆ ಎರಡಡಿ ನಾಲ್ಕಂಗುಲ, ಮಣ್ಣು ಮತ್ತು ಕಲ್ಲು.
ಅಷ್ಟು ದಪ್ಪದಲ್ಲಿ ಒಂದು ಮಾಡ, ಮಾಡದ ಬೆನ್ನಿಗೆ
ಆಚೆ ಮನೆಯ ಮಾಡ, ನಡುವೆ ಮುಷ್ಟಿಯಷ್ಟು ಕಿಂಡಿ.
ಹಿಂದೆ ಕೆಂಡ ದಾಟಿಸುತ್ತಿದ್ದರಂತೆ.
ಈಗ ಬಿಳಿಯದೊಂದು ಚಾರ್ಜರಿನ ವೈರು
ಇವರ ಕರೆಂಟನ್ನು ಅವರ ಫೋನಿಗೆ ಒಯ್ಯುತ್ತಿದೆ.

ತೊಲೆಯನ್ನು ಅಳೆಯುತ್ತಾ ಹೋದೆ, ಅದು ಮುಗಿಯಲಿಲ್ಲ.
ಗೋಡೆಯನ್ನು ತೂರಿ ಬಾಗವಾನರ ಪಡಸಾಲೆಗೆ
ಒಂದು ಮೊಳ ಮೂತಿ ಹಾಕಿದೆ.
ಅವರು ಅದಕ್ಕೊಂದು ಬಾಳೆಗೊನೆ ನೇತುಹಾಕಿದ್ದಾರೆ.

ಮೇಲೆ ಹತ್ತಿದೆ. ಐದೂ ಮಾಳಿಗೆಯ ಇಳಿಜಾರು
ಇದೇ ಮನೆಯ ಕಲ್ಲಿನ ದೋಣಿಗೆ ಬಂದು ಸೇರುತ್ತದೆ.
ಮಳೆ ಬಂದರೆ ಎಲ್ಲರ ನೀರೂ ಇವರ ಗಿರಾಕಿಯ ತಲೆಯ ಮೇಲೆ.

ನಮೂನೆಯಲ್ಲಿ ಒಂದು ಸಾಲು: ಗೋಡೆ ಯಾರದು?
ಅಂಬೂಬಾಯಿ ಹಲ್ಲಿನಿಂದ ಎಳೆ ಕಡಿದರು.
‘ಮೂಡಲ ಗ್ವಾಡಿ ಹತ್ತೂರೆಯವರ್ದು.
ಪಡುವಲದ್ದು ಬಾಗವಾನರ್ದು.
ಅವ್ರು ಮೊದಲ ಕಟ್ಟಿದ್ರು. ನಡುವ ತೆರಪಿತ್ತು.
ನಮ್ಮ ಮುತ್ತ್ಯಾ ಎರಡಕ್ಕೂ ಕೇಳಿ ಮ್ಯಾಲೆ ತೊಲಿ ಇಟ್ಟ,
ಮಣ್ಣು ಹಾಕಿದ, ಮನಿ ಅಂದ.’
‘ಹಾಗಾದರೆ ನಿಮ್ಮದು?’
‘ಮುಂದ ಹಲಗಿ. ಹಿಂದ ಹಿತ್ತಲ ಬಾಗಲ.’

ಹನ್ನೊಂದಡಿ ಮೂರಂಗುಲ ಅಗಲ,
ನಲವತ್ತೆರಡಡಿ ಉದ್ದ.
ಪೆನ್ಸಿಲು ಹಿಡಿದು ಬಹಳ ಹೊತ್ತು ನಿಂತೆ.
ನಿಯಮದಂತೆ ಗೋಡೆಗೆ ಎರಡು ಗೆರೆ ಎಳೆಯಬೇಕು.
ಎರಡನೆಯದನ್ನು ಎಲ್ಲಿಂದ ತರಲಿ?

ಅಷ್ಟರಲ್ಲಿ ಒಬ್ಬ ಹುಡುಗ ಬಂದ, ಸೈಕಲ್ ನಿಲ್ಲಿಸದೆ,
ಒಂದು ಕಾಲು ಕಟ್ಟೆಯ ಮೇಲೆ.
ಅಕ್ಕನ ಕೂಸಿಗೆ ಉಡದಾರ ಬೇಕು.
ಅಳತೆ ಗೊತ್ತಿಲ್ಲ ಅಂದ.
ಅಂಬೂಬಾಯಿ ಕೇಳಲೂ ಇಲ್ಲ. ಗೇಣಿನಲ್ಲಿ ಹಿಡಿದು,
ಮತ್ತೆ ನಾಲ್ಕು ಬೆರಳು ಬಿಟ್ಟು, ಗಂಟು ಹಾಕಿದರು.
‘ನಡ ಬೆಳಿತೈತಿ. ಬಿಗಿ ಮಾಡಬ್ಯಾಡ ಅಂತ ಹೇಳು.’

ನನ್ನ ಟೇಪು ತಾನಾಗಿ ಸರ್ರನೆ ಒಳಗೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಹಲಗೆ ಇಡತೊಡಗಿದರು.
೧ ಮೊದಲು; ಕ್ರಮ ತಪ್ಪಿದರೆ ಯಾವುದೂ ಕೂರುವುದಿಲ್ಲ.
ಚಹಾಪೆಟ್ಟಿಗೆಯ ಏಳು ಸ್ವಲ್ಪ ಅಲುಗಾಡಿತು,
ಅದರ ಪಕ್ಕದ ಸಂದಿಯಿಂದ ಒಳಗಿನ ಬಲ್ಬು ಕಂಡಿತು.
ಒಂಬತ್ತನೆಯದು ಭಾರ.
‘ಹೊರಗಿಂದ ಒಂಚೂರು ಎತ್ತಿ ಹಿಡೀರಿ,’ ಅಂದರು.
ಹಿಡಿದೆ.