ಬೆಣ್ಣೆಯ ಅಂಕಣ

ದಫ್ತರಖಾನೆಯ ನೆಲಮಾಳಿಗೆಯಲ್ಲಿ ಹೀಟರು ಕೆಟ್ಟಿದೆ.
ಅರ್ಡಿಸ್ ತನ್ನ ಶಾಲು ನನಗೆ ಹೊದಿಸಿ
ಪುಸ್ತಕ ತಂದಿಟ್ಟಳು: "ಮೆಲ್ಲಗೆ, ಅಂಚು ಉದುರುತ್ತೆ."
ಅಯೋವಾದ ಮಾರ್ಚಿ. ಕಿಟಕಿಯ ಮಟ್ಟಕ್ಕೆ ಹಿಮ,
ಹಿಮದ ಮೇಲೆ ಯಾರದೋ ಬೂಟು ಹಾದುಹೋಗುತ್ತದೆ.

ಹುಡುಕಿ ಬಂದದ್ದು ಅಜ್ಜನ ಅಜ್ಜನನ್ನು,
ಬಾರ್ತೊಲೊಮ್ಯೂ ಕಾನ್ಸಿಡೈನ್.
ಸಿಕ್ಕಿದ, ಸಿಕ್ಕಿದಲ್ಲೆಲ್ಲ ಬೇರೆಯವನಾಗಿ:
ಐವತ್ತರಲ್ಲಿ ಕಾನ್ಸಡಿನ್, ಅರುವತ್ತರಲ್ಲಿ ಕನ್ಸೆಡಾನ್,
ಎಪ್ಪತ್ತರಲ್ಲಿ ಕಾನ್‌ಸ್ಟಂಟೈನ್,
ಒಂದು ದಶಕದ ಮಟ್ಟಿಗೆ ಚಕ್ರವರ್ತಿ.
ಹೇಳಿದವನಿಗೆ ಅಕ್ಷರ ಬಾರದು,
ಬರೆದವನಿಗೆ ಆ ನಾಲಿಗೆ ತಿಳಿಯದು,
ನಡುವೆ ಹೊಸ್ತಿಲು, ಬೊಗಳುವ ನಾಯಿ.

ಕ್ಲೇರ್ ಬಿಟ್ಟದ್ದು ನಲವತ್ತೇಳರಲ್ಲಿ.
ಹಡಗು ಹತ್ತಿದ ಪಟ್ಟಿಯಲ್ಲಿ ನಾಲ್ವರು,
ಕ್ವಿಬೆಕ್ಕಿನಲ್ಲಿ ಇಳಿದವರು ಇಬ್ಬರು.
ನಡುವಿನದು ನೀರು.

ಮೂವತ್ತೊಂದು ವರ್ಷ ಡೈರಿಯಲ್ಲಿ ಲೆಕ್ಕ ಬರೆದವಳು ನಾನು.
ಜನರಿಗಿಂತ ಬೇಗ ಅಂಕಿಗಳು ನನ್ನ ಕೂಡ ಬಾಯಿಬಿಡುತ್ತವೆ.
ಅದಕ್ಕೇ ಬೇಸಾಯದ ಗಣತಿ ಕೇಳಿದೆ:
ಉತ್ತ ನೆಲ ನಲವತ್ತು ಎಕರೆ, ಎತ್ತು ಒಂದು ಜೋಡಿ,
ಹಂದಿ ಹನ್ನೊಂದು, ಮೆಕ್ಕೆಜೋಳ, ಓಟ್ಸು, ಗೋಧಿ.
ಆಮೇಲೆ ಅಚ್ಚಾದ ಒಂದು ಶಿರೋನಾಮೆ,
"ಐರಿಷ್ ಆಲೂಗಡ್ಡೆ, ಬುಶೆಲ್‌ಗಳಲ್ಲಿ."
ನೆರೆಯ ನಾರ್ವೆಯವನಿಗೆ ಅರುವತ್ತು,
ಹಳ್ಳದಾಚೆಯ ಜರ್ಮನ್ ವಿಧವೆಗೆ ಎಂಬತ್ತು,
ಐರಿಷಿನವನ ಮುಂದೆ ಒಂದು ಅಡ್ಡಗೀಟು.
ಹತ್ತು ವರ್ಷ ಬಿಟ್ಟು ನೋಡಿದರೂ ಗೀಟು.
ಇನ್ನೂ ಹತ್ತು ಬಿಟ್ಟರೂ ಗೀಟೇ.

ದೊಡ್ಡತ್ತೆ ಹೇಳುತ್ತಿದ್ದಳು:
ಕೊಳೆತ ಹೊಲದ ವಾಸನೆಗೆ
ನಡುರಾತ್ರಿ ಎದ್ದು ಕೂರುತ್ತಿದ್ದನಂತೆ,
ಸಾವಿರಾರು ಮೈಲಿ ಈಚೆ, ಗೋಧಿಯ ನಡುವೆ.
ದೊಡ್ಡತ್ತೆ ಸುಳ್ಳೂ ಬಹಳ ಹೇಳುತ್ತಿದ್ದಳು.
ಗೀಟು ಹೇಳುವುದಿಲ್ಲ.

ಹೊನೋರಾ, ಅವನ ಹೆಂಡತಿ.
ಜನರ ಪುಸ್ತಕದಲ್ಲಿ ಹೆಸರು, ವಯಸ್ಸು,
ಓದು ಬಾರದೆಂಬುದಕ್ಕೆ ಒಂದು ಗುರುತು,
ಕಸುಬು ಎಂಬಲ್ಲಿ ಖಾಲಿ ಜಾಗ.
ಹೊಲದ ಪುಸ್ತಕದಲ್ಲೋ ಹೆಸರೇ ಇಲ್ಲ,
ಗಂಡನ ಸಾಲಿನಲ್ಲಿ, ಎಷ್ಟನೆಯದೋ ಮನೆಯಲ್ಲಿ,
ಬೆಣ್ಣೆ: ನಾನೂರ ಐವತ್ತು ಪೌಂಡು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವಳು ಲೆಕ್ಕಕ್ಕುಂಟು, ಹೆಸರಿಗಿಲ್ಲ.
ನಾನೂರ ಐವತ್ತು. ನನ್ನ ಭುಜಕ್ಕೆ ಗೊತ್ತು
ಅದು ಎಷ್ಟು ಬೆಳಗು, ಎಷ್ಟು ಬಿಸಿನೀರು.

ಎಪ್ಪತ್ತರ ಹಾಳೆ. ಹಸು ಆರು.
ಬೆಣ್ಣೆ, ನಲವತ್ತು.

ಎರಡು ಸಲ ಬೆರಳಿಟ್ಟು ನೋಡಿದೆ.
ಸೊನ್ನೆ ಮರೆತನೇ ಗುಮಾಸ್ತ?
ಇಲ್ಲ. ಹಸುಗಳು ಬತ್ತಿರಲಿಲ್ಲ.
ಸತ್ತವರನ್ನು ಬರೆದಿಡುವ ಕಾನೂನು ಆಗ ಇರಲಿಲ್ಲ,
ಮರದ ಶಿಲುಬೆ ಎಷ್ಟು ಚಳಿಗಾಲ ತಡೆದೀತು.
ಕಡೆಯ ತನಕ ಕಡೆದಳು ಎಂಬುದಕ್ಕೆ
ಇದೊಂದೇ ಕಲ್ಲು: ನಾಲ್ಕು, ಸೊನ್ನೆ.
ಆ ನಲವತ್ತೂ ಮಗಳದಿರಬೇಕು.
ವಿನಿಫ್ರೆಡ್, ಹದಿನಾಲ್ಕು.
ಕಡೆಯುವ ಕೋಲು ಅವಳ ಗಲ್ಲದವರೆಗೆ ಬರುತ್ತಿದ್ದಿರಬೇಕು.

ಎಂಬತ್ತರಲ್ಲಿ ಹೊಲ ವಿನಿಫ್ರೆಡಳ ಗಂಡನ ಹೆಸರಿಗೆ.
ಮುದುಕ ಅದೇ ಮನೆಯಲ್ಲಿ, ಪಕ್ಕದಲ್ಲಿ ಟಿಪ್ಪಣಿ: ಕುರುಡ.
ಬೆಣ್ಣೆ ಐನೂರ ಇಪ್ಪತ್ತು.
ಆಲೂಗಡ್ಡೆ, ಕಾಲು ಎಕರೆ,
ಹನ್ನೆರಡು ಬುಶೆಲ್.

ಶಾಲು ಬಿಗಿದುಕೊಂಡೆ.
ಕುರುಡನಿಗೆ ವಾಸನೆ ತಿಳಿಯದೆ ಇದ್ದೀತೆ?
ಬಾಗಿಲು ಮುಚ್ಚಿ ಬೇಯಿಸಿದಳೇ,
ಅಥವಾ ಅವನೆದುರೇ ತಟ್ಟೆಯಿಟ್ಟು,
ಬಿಸಿ ಸಿಪ್ಪೆ ಸೀಳಿ,
ಒಂದು ಉಂಡೆ ಬೆಣ್ಣೆ ಇಳಿಬಿಟ್ಟು,
"ಅಪ್ಪಾ, ಬಾಯಿ ತೆಗಿ" ಅಂದಳೇ?

"ತೊಂಬತ್ತರ ಪುಸ್ತಕ ಕೊಡ್ತೀಯಾ?" ಕೇಳಿದೆ.
"ಅದು ಬೆಂಕಿಗೆ ಹೋಯ್ತಲ್ಲ," ಅಂದಳು ಅರ್ಡಿಸ್,
ನಿನ್ನೆಯೋ ಮೊನ್ನೆಯೋ ಆದದ್ದೆಂಬಂತೆ ಬೇಜಾರಿನಿಂದ.
ನಕಲು ನಾಲ್ಕು ಹಾಳೆ, ಒಂದು ಡಾಲರು.

ಕಾರಿನಲ್ಲಿ ಕೂತು ಕೈ ಮೂಸಿದೆ.
ಹಳೇ ಕಾಗದ. ಉಣ್ಣೆ.
ಕೀಲಿ ತಿರುಗಿಸದೆ ಸ್ವಲ್ಪ ಹೊತ್ತು ಕೂತೆ.