ಇಪ್ಪತ್ತಾರು ನಿಮಿಷ

ಉತ್ತರ ವೇಲ್ಸಿನ ಬ್ಯಾಂಗರ್. ರಾತ್ರಿ ಮೂರು ಹತ್ತು.
ಮೂವತ್ತೊಂದನೇ ವಾರಕ್ಕೇ ಹೊರಟು ಬಂದವನು.
ಹೆಸರಿನ್ನೂ ಇಲ್ಲ. ಕಾಲಿನ ಪಟ್ಟಿಯ ಮೇಲೆ
ಲೌರಿ ಪ್ಯೂ ಅವರ ಮಗು ಎಂದಷ್ಟೇ.

ಸೋಂಕಿರಬಹುದು ಎಂದರು ಡಾಕ್ಟರ್,
ಗಂಟೆಯೊಳಗೆ ಮದ್ದು ರಕ್ತಕ್ಕಿಳಿಯಬೇಕು.
ಜೆಂಟಮೈಸಿನ್ ಟ್ರೇಯಲ್ಲಿ ಕಾಯುತ್ತಿದೆ.
ಅದಕ್ಕೂ ಮುಂಚೆ ನನ್ನದೊಂದು ಸಣ್ಣ ಕೆಲಸ:
ಹತ್ತಿಕಡ್ಡಿಯಲ್ಲಿ ಅವನ ಕೆನ್ನೆಯ ಒಳಗೋಡೆ ಸವರುವುದು.
ಮೊಲೆಯೆಂದುಕೊಂಡು ಚೀಪಿದ.

ಪೆಟ್ಟಿಗೆ ಟೋಸ್ಟರಿನಷ್ಟಿದೆ. ಪರದೆಯಲ್ಲಿ ಇಪ್ಪತ್ತಾರು.
ಇಪ್ಪತ್ತೈದು.
ಅದು ಹುಡುಕುವುದು ಒಂದೇ ಒಂದು ಅಕ್ಷರ,
ತಾಯಿಯಿಂದ ಮಾತ್ರ ಬರುವ ಆ ಪುಟ್ಟ ಓಲೆಯಲ್ಲಿ
ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತಿದೆಯೇ ಎಂದು.
ಕೂತಿದ್ದರೆ, ಜೀವ ಉಳಿಸುವ ಮದ್ದೇ
ಕಿವಿಯೊಳಗಿನ ನವಿರನ್ನೆಲ್ಲ ಸುಟ್ಟುಹಾಕಿಬಿಡಬಹುದು.
ನಾಲ್ಕು ವರ್ಷದಿಂದ ಈ ಪೆಟ್ಟಿಗೆ
ನನಗೆ ಹೇಳಿದ್ದು 'ಇಲ್ಲ' ಒಂದೇ.

ಲೌರಿ ಗಾಲಿಕುರ್ಚಿಯಲ್ಲಿ,
ಹೊಲಿಗೆಯ ಹೊಟ್ಟೆಗೆ ದಿಂಬು ಒತ್ತಿಕೊಂಡು.
ಮನೆಯಲ್ಲಿ ಯಾರಿಗಾದರೂ ಕಿವುಡು? ಫಾರಮ್ಮಿನ ಪ್ರಶ್ನೆ.
"ನಮ್ಮಜ್ಜಿ ಎಲುನೆಡ್‌ಗೆ. ಆದ್ರೆ ಹುಟ್ಟಿನಿಂದಲ್ಲ.
ಒಂಬತ್ತಕ್ಕೆ ಕ್ಷಯ ಅಂತ ಆಸ್ಪತ್ರೆ ಸೇರಿದ್ಳು,
ಹೋಗುವಾಗ ಚಾಪೆಲಿನಲ್ಲಿ ಹಾಡ್ತಿದ್ದವಳು.
ವರ್ಷ ಕಳೆದು ಬಂದ್ಳು, ಮೈ ತುಂಬಿ, ಕೆನ್ನೆ ಕೆಂಪಾಗಿ.
ಅವಳಪ್ಪ ಸ್ಲೇಟುಗಣಿಯಿಂದ ಬಂದು
ಬಾಗಿಲಲ್ಲಿ ಬೂಟು ಕುಟ್ಟಿದ್ರೆ ತಿರುಗಲೇ ಇಲ್ಲ.
ಹಿಮ ಬಿದ್ರೂ ವರಾಂಡದಲ್ಲೇ ಮಲಗಿಸ್ತಿದ್ರಂತೆ ಅಲ್ಲಿ.
ಚಳಿ ಕಿವಿಗೆ ಹೊಕ್ಕಿತು ಅಂತಾರೆ ನಮ್ಮಲ್ಲಿ."

ಸೂಜಿಮದ್ದು ಕೊಟ್ಟಿದ್ದರೇ?
"ದಿನಾ ಒಂದು, ತೊಡೆಗೆ. ಅದಕ್ಕೇ ಅಲ್ವಾ ಬದುಕಿದ್ದು."

ಪೆನ್ನು ನಿಂತಿತು.
ಒಂಬತ್ತು. ಎಂಟು.
ಮಗುವಿನ ಪಕ್ಕೆ ಉಸಿರಿಗೊಮ್ಮೆ ಒಳಸೇದುತ್ತಿತ್ತು,
ನಾನು ಅದನ್ನೂ ಎಣಿಸುತ್ತಿದ್ದೆ, ಇದನ್ನೂ.

'ಇದೆ' ಎಂದಿತು ಪೆಟ್ಟಿಗೆ.
ಡಾಕ್ಟರ್ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.
ಟ್ರೇಯಿಂದ ಒಂದು ಸಿರಿಂಜು ಹೋಯಿತು, ಬೇರೊಂದು ಬಂತು.
ನಡೆದದ್ದು ಅಷ್ಟೇ.

"ಹಾಗಾದ್ರೆ ನನ್ನಲ್ಲೂ ಇದೆಯಾ?"
ನಿನ್ನಲ್ಲೂ ಇರುತ್ತೆ, ನಿನ್ನಮ್ಮನಲ್ಲೂ.
ನಿಮಗೆ ಆ ಸೂಜಿ ಬೀಳಲಿಲ್ಲ, ನೋಡು.
ಇವನು ಗಂಡು. ಇವನಿಂದ ಮುಂದಕ್ಕೆ ಹೋಗದು.
ಲೌರಿ ನಗಲೂ ಇಲ್ಲ, ಅಳಲೂ ಇಲ್ಲ;
ನೀರು ಕೇಳಿದಳು.

ಐದನೆಯ ದಿನ ಎಲುನೆಡ್ ಬಂದಳು. ಎಂಬತ್ತು,
ಕಡುನೀಲಿ ಕೋಟು, ಕುತ್ತಿಗೆಯವರೆಗೂ ಗುಂಡಿ.
ಮೊಮ್ಮಗಳ ತುಟಿ ನೋಡುತ್ತ ನಿಂತಳು.
ಅರ್ಥವಾಗದೆ ಕಾಗದ ಕೇಳಿದಳು. ಬರೆದು ತೋರಿಸಿದೆವು.
ಓದಿದಳು. ಬೆರಳಿಟ್ಟು ಮತ್ತೆ ಓದಿದಳು.
ಎಷ್ಟೋ ಹೊತ್ತಿನ ಮೇಲೆ ಅಂದಳು:

"ಎಪ್ಪತ್ತು ವರ್ಷ
ಕಿಟಕಿ ಮುಚ್ಚಿಕೊಂಡು ಮಲಗಿದೆನಲ್ಲ!"

ಅವಳ ದನಿಯ ಎತ್ತರ ಅವಳಿಗೆ ತಿಳಿಯದು,
ನಮ್ಮ ವಾರ್ಡಿಗೆ ತೀರಾ ಜೋರು.
ಗಾಜಿನೊಳಗೆ ಮಗು ಬೆಚ್ಚಿಬಿದ್ದು
ಎರಡೂ ಕೈ ಚಾಚಿತು.